ಕಣ್ಣಿಗೆ ಹಿಡಿದ ಕಂದೀಲು

ಹೊತ್ತು ಮುಳುಗಿ ಇನ್ನೂ ಪೂರ್ತಿ ಕತ್ತಲಾಗದ ಆ ಗಳಿಗೆಯಲ್ಲಿ ನಮ್ಮ ಕುರಿಹಟ್ಟಿಗೆ ಕಣ್ಣುಗಳು ಬರುತ್ತಿದ್ದವು. ಕುರಿಗಳು ಮೊದಲೇ ಬಂದು, ಮುಳ್ಳಿನ ಬೇಲಿಯೊಳಗೆ ಬೂದುಬಣ್ಣದ ಒಂದೇ ರಾಶಿಯಾಗಿ, ಮೆಲುಕು ಹಾಕುತ್ತ ಮಲಗಿರುತ್ತಿದ್ದವು. ಮುತ್ಯಾ, ಅಂದರೆ ನಮ್ಮಪ್ಪನ ಅಪ್ಪ, ಬೇಲಿಯ ಬಾಯಲ್ಲಿ ನಿಂತು ಕಂದೀಲನ್ನು ಮುಖದ ಮಟ್ಟಕ್ಕೆ ಎತ್ತಿ ನಾಲಿಗೆಯಿಂದ ಸಣ್ಣ ಸದ್ದು ಮಾಡಿದನೆಂದರೆ ಅಷ್ಟೂ ತಲೆಗಳು ಒಮ್ಮೆಲೇ ಇತ್ತ ತಿರುಗುತ್ತಿದ್ದವು. ಆಗ ಕುರಿಗಳು ಕಾಣುತ್ತಿರಲಿಲ್ಲ, ಕಣ್ಣುಗಳಷ್ಟೇ ಕಾಣುತ್ತಿದ್ದವು. ಹಸಿರು, ಹಳದಿ, ನಡುನಡುವೆ ನೀಲಿ. ನೆಲದಿಂದ ಒಂದು ಮೊಳ ಮೇಲೆ ಯಾರೋ ಹಚ್ಚಿಟ್ಟು ಮರೆತುಹೋದ ದೀಪಗಳ ಹಾಗೆ.

ಮುತ್ಯಾ ಆ ದೀಪಗಳನ್ನು ನೋಡಿಯೇ ಯಾವ ಕುರಿಗೆ ಜಡ್ಡು, ಯಾವುದು ಗಟ್ಟಿ ಎಂದು ಹೇಳುತ್ತಿದ್ದ. ಕಣ್ಣು ಹೊಳೆದರೆ ಜೀವ ಗಟ್ಟಿ, ಮಂಕಾದರೆ ಎರಡು ದಿನ ಮೇಯಲು ಬಿಡಬಾರದು. ಕೆಂಭಾವಿ ಸಂತೆಯಲ್ಲಿ ಕುರಿ ಕೊಳ್ಳುವಾಗಲೂ ಅವನದು ಇದೇ ಪರೀಕ್ಷೆ. ಮೊದಲು ತುಟಿ ಎತ್ತಿ ಹಲ್ಲು ನೋಡಿ ವಯಸ್ಸು ತಿಳಿಯುತ್ತಿದ್ದ. ಆಮೇಲೆ ತನ್ನ ಕಂಬಳಿಯನ್ನು ಎಳೆದು ತನ್ನ ತಲೆಯನ್ನೂ ಕುರಿಯ ತಲೆಯನ್ನೂ ಒಟ್ಟಿಗೆ ಮುಚ್ಚಿ, ಒಳಗೆ ಕತ್ತಲು ಮಾಡಿ, ಕಡ್ಡಿ ಗೀರುತ್ತಿದ್ದ. ಉರಿಬಿಸಿಲಿನ ಸಂತೆಯ ನಡುವೆ ಮನುಷ್ಯನೂ ಕುರಿಯೂ ಒಂದೇ ಕಂಬಳಿಯೊಳಗೆ ಗುಟ್ಟು ಮಾತಾಡುತ್ತಿರುವಂತೆ ಕಾಣುತ್ತಿತ್ತು. ಹೊರಗೆ ಬಂದವನೇ "ತಗೋಬಹುದು" ಅಥವಾ "ಬ್ಯಾಡ" ಎನ್ನುತ್ತಿದ್ದ. ಆ ಮಾತಿಗೆ ಎದುರು ಮಾತಿರಲಿಲ್ಲ.

ನಮ್ಮ ಮನೆ ಇದ್ದದ್ದು ಸಗರದ ಅಂಚಿನಲ್ಲಿ, ಹೊಲಗಳು ಶುರುವಾಗುವ ಕಡೆ. ನನ್ನ ತಮ್ಮ ಹುಟ್ಟಿದ್ದು ನಿಜಾಮರ ಆಳ್ವಿಕೆ ಮುಗಿಯುತ್ತಿದ್ದ ದಿನಗಳಲ್ಲಿ. ನಾನು ಶಾಲೆಯಲ್ಲಿ ಎರಡು ವರ್ಷ ಉರ್ದು ಕಲಿತಿದ್ದೆ. ಒಂದು ಬೆಳಿಗ್ಗೆ ಅದೇ ಮಾಸ್ತರರು ಅದೇ ಹಲಗೆಯನ್ನು ಒರೆಸಿ ಕನ್ನಡ ಬರೆದರು. ಬಲದಿಂದ ಎಡಕ್ಕೆ ಓಡುತ್ತಿದ್ದ ಸುಣ್ಣದ ಕಡ್ಡಿ ಎಡದಿಂದ ಬಲಕ್ಕೆ ಓಡತೊಡಗಿತು. ನನಗೆ ಅದು ಗಾಳಿ ದಿಕ್ಕು ಬದಲಿಸಿದಷ್ಟೇ ಸಹಜವಾಗಿ ತೋರಿತ್ತು.

ತಮ್ಮ ಅಂಬೆಗಾಲಿಡುವ ಹೊತ್ತಿಗೆ ಒಂದು ಸಂಜೆ ಮುತ್ಯಾನ ಕಂದೀಲಿನ ಕಡೆ ತಿರುಗಿ ನಕ್ಕ. ಅವನ ಎಡಗಣ್ಣು ಹೊಳೆಯಿತು. ಬೆಕ್ಕಿನ ಕಣ್ಣಿನ ಹಾಗೆ, ಮರಿಯ ಕಣ್ಣಿನ ಹಾಗೆ, ಒಳಗಿನಿಂದ ಬಿಳಿಹಳದಿ ಹೊಳಪು. ತಲೆ ಸ್ವಲ್ಪ ತಿರುಗಿಸಿದರೆ ಆರಿಹೋಗುತ್ತಿತ್ತು, ಮತ್ತೆ ತಿರುಗಿಸಿದರೆ ಹೊತ್ತಿಕೊಳ್ಳುತ್ತಿತ್ತು.

ಕುರಿಯ ಕಣ್ಣು ನೋಡಿಯೇ ಮುದುಕನಾದ ಮನುಷ್ಯನಿಗೆ ಅದು ಏನೆಂದು ತೋರಬೇಕೋ ಹಾಗೆಯೇ ತೋರಿತು. ಮುತ್ಯಾ ಕಂದೀಲನ್ನು ಕೆಳಗಿಟ್ಟು ಕೈ ಮುಗಿದ. "ದೇವರು ಬೆಳಕ ಇಟ್ಟು ಕಳಿಸ್ಯಾನ. ಈ ಕೂಸಿನ ಜೀವ ಗಟ್ಟಿ" ಅಂದ. ಅಂದಿನಿಂದ ಮನೆಗೆ ಬಂದವರಿಗೆಲ್ಲ ಮಜ್ಜಿಗೆಗಿಂತ ಮೊದಲು ತಮ್ಮನ ಕಣ್ಣು. ಬಾಗಿಲು ಮುಚ್ಚಿ, ದೀಪ ಹಿಡಿದು, "ನೋಡ್ರಿ, ಹಿಂದಕ್ಕ ಸರೀರಿ, ಈಗ ನೋಡ್ರಿ" ಎಂದು ತೋರಿಸುತ್ತಿದ್ದ.

"ಏ ಹಿರಿಯಾ, ಮೊಮ್ಮಗ ಹುಟ್ಯಾನೋ, ಟಗರು ಹುಟ್ಯದೋ?" ಎಂದು ಪಕ್ಕದ ಹಟ್ಟಿಯವನೊಬ್ಬ ಕೆಣಕಿದ.

"ಟಗರs ಅನ್ನು. ನಾಳಿ ನಿನಗ ಬಂದು ಹಾಯ್ತದ, ಸೊಂಟ ಗಟ್ಟಿ ಮಾಡ್ಕೊಂಡಿರು" ಅಂದ ಮುತ್ಯಾ.

ಅವ್ವ ಮಾತ್ರ ನಗುತ್ತಿರಲಿಲ್ಲ. ಆದರೆ ಅವಳು ಮುತ್ಯಾನಿಗೆ ಏನೂ ಹೇಳುವಂತಿರಲಿಲ್ಲ. ನಮ್ಮಲ್ಲಿ ಆಗ ಸೊಸೆಯಾದವಳು ಮಾವನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಏನಿದ್ದರೂ ನಡುವೆ ಒಂದು ಮಗು ಬೇಕು. ಆ ಮಗು ನಾನು. ಇಬ್ಬರೂ ಒಂದೇ ಪಡಸಾಲೆಯಲ್ಲಿ ಕೂತಿರುತ್ತಿದ್ದರು. ಅವ್ವ ನನ್ನ ಕಡೆ ತಿರುಗಿ "ರೊಟ್ಟಿ ಆಗ್ಯಾವ ಅಂತ ಮುತ್ಯಾಗ ಹೇಳವ್ವ" ಎನ್ನುತ್ತಿದ್ದಳು. ಮುತ್ಯಾ ನನ್ನ ಕಡೆ ತಿರುಗಿ "ಬಂದೆ ಅಂತ ನಿಮ್ಮವ್ವಗ ಹೇಳು" ಎನ್ನುತ್ತಿದ್ದ. ನಾನು ಎರಡನ್ನೂ ಹೇಳುತ್ತಿದ್ದೆ. ಕೇಳಿಸಿದ್ದನ್ನೇ ಮತ್ತೊಮ್ಮೆ ಕೇಳುವುದು ಇಬ್ಬರಿಗೂ ರೂಢಿಯಾಗಿತ್ತು.

ತಮ್ಮ ಮಾತು ಕಲಿತು ಓಡಾಡುವಂತಾದಾಗ ಆ ಕಣ್ಣು ಮೂಗಿನ ಕಡೆ ಹೊರಳತೊಡಗಿತು. ಆಮೇಲೆ ಕೆಂಪಾಯಿತು.

"ಕೂಸಿನ ಕಣ್ಣು ಸರಿ ಇಲ್ಲ ಅಂತ ಮುತ್ಯಾಗ ಹೇಳು."

"ಧೂಳು ಬಿದ್ದದ ಅಂತ ನಿಮ್ಮವ್ವಗ ಹೇಳು."

"ಧೂಳು ಬಿದ್ರ ಎರಡೂ ಕಣ್ಣಿಗೆ ಬೀಳಬೇಕಲ್ಲ ಅಂತ ಕೇಳು."

ಮುತ್ಯಾ ಮರುದಿನ ತಮ್ಮನನ್ನು ಹೆಗಲಿಗೇರಿಸಿಕೊಂಡು ಶಹಾಪುರದ ಹಕೀಮರ ಹತ್ತಿರ ಹೊರಟ. ನಾನೂ ಅವ್ವನೂ ಹಿಂದೆ ನಡೆದೆವು.

ಹಕೀಮರು ವಯಸ್ಸಾದವರು, ಅತ್ತರಿನ ವಾಸನೆಯ ಮೃದು ಮನುಷ್ಯ. ಅಂಗೈಯಿಂದ ತಮ್ಮನ ಎಡಗಣ್ಣು ಮುಚ್ಚಿದರು. ಅವನು ಆಡುತ್ತಲೇ ಇದ್ದ. ಬಲಗಣ್ಣು ಮುಚ್ಚಿದರು. ಅವನು ಕೈ ಕೊಡವಿ ಚೀರಿದ, ಬಾವಿಗೆ ಬಿದ್ದವನಂತೆ ಗಾಳಿಯಲ್ಲಿ ಅವ್ವನನ್ನು ಹುಡುಕಿದ. ಹೊಳೆಯುವ ಕಣ್ಣಿಗೆ ಏನೂ ಕಾಣುತ್ತಿಲ್ಲ ಎಂದು ನಮಗೆಲ್ಲ ಗೊತ್ತಾದದ್ದು ಆಗ.

"ಒಳಗ ಏನೋ ಬೆಳದದ" ಅಂದರು ಹಕೀಮರು. "ನನ್ನ ಬಲ್ಲಿ ಇದಕ್ಕ ಔಷಧ ಇಲ್ಲ. ಹೈದರಾಬಾದಿಗೆ ಕರಕೊಂಡು ಹೋಗ್ರಿ. ತಡ ಮಾಡಬ್ಯಾಡ್ರಿ."

ಕುರಿಗಳನ್ನು ಅಪ್ಪನಿಗೆ ಬಿಟ್ಟು ನಾವು ನಾಲ್ವರೂ ಹೊರಟೆವು. ಶಹಾಪುರ ದಾಟುವಾಗ ಗುಡ್ಡಗಳ ಸಾಲು ಬೆಳಗಿನ ಮಂಜಿನಲ್ಲಿ ಅಂಗಾತ ಮಲಗಿದ ಮನುಷ್ಯನ ಹಾಗೆ ಕಂಡಿತು. ಹಣೆ, ಮೂಗು, ಎದೆ.

"ಅಂವ ಯಾಕ ಮಲಗ್ಯಾನ?" ತಮ್ಮ ಕೇಳಿದ.

"ದಣದಾನ" ಅಂದ ಮುತ್ಯಾ.

"ಯಾವಾಗ ಏಳ್ತಾನ?"

"ನೀ ತಿರುಗಿ ಬರೂತನ ಮಲಗ್ತಾನ. ಆಮ್ಯಾಲ ಏಳ್ತಾನ."

ಯಾದಗಿರಿಯಲ್ಲಿ ರೈಲು ಹತ್ತಿ, ವಾಡಿಯಲ್ಲಿ ಇಳಿದು ಇನ್ನೊಂದು ಹತ್ತಿದೆವು. ನಾನು ಆವರೆಗೆ ರೈಲು ನೋಡಿರಲಿಲ್ಲ. ಕಿಟಕಿಯ ಹೊರಗೆ ಭೂಮಿ ಹಿಂದಕ್ಕೆ ಹೋಗುತ್ತಿತ್ತು, ದೂರದ ಮರಗಳು ಮಾತ್ರ ನಮ್ಮ ಜೊತೆಗೇ ಬರುತ್ತಿದ್ದವು. ತಮ್ಮ ಅವ್ವನ ಮಡಿಲಲ್ಲಿ ನಿದ್ದೆ ಹೋದ. ಮುತ್ಯಾ ತನ್ನ ಕಂಬಳಿಯನ್ನು ಅವನ ಮೇಲೆ ಹೊದಿಸಿದ. ಆ ಕಂಬಳಿಯ ಉಣ್ಣೆಯ ವಾಸನೆಯಲ್ಲಿ ನಮ್ಮ ಹಟ್ಟಿಯೇ ರೈಲು ಹತ್ತಿ ಬಂದಿತ್ತು.

ಮುತ್ಯಾನಿಗೆ ಬರುತ್ತಿದ್ದ ಉರ್ದು ಕುರಿಸಂತೆಯ ಉರ್ದು. ಕುರಿ ಹೊಗಳಲಿಕ್ಕೆ, ಚೌಕಾಶಿಗೆ ಸಾಕಾಗುವಷ್ಟು. ದೊಡ್ಡ ದವಾಖಾನೆಯ ಡಾಕ್ಟರರು "ಮಗುವಿನ ವಯಸ್ಸೆಷ್ಟು?" ಎಂದು ಉರ್ದುವಿನಲ್ಲಿ ಕೇಳಿದಾಗ ಅವನು ತಮ್ಮನ ಕೆಳತುಟಿ ಎಳೆದು ಹಲ್ಲು ತೋರಿಸಿಬಿಟ್ಟ. ಡಾಕ್ಟರರು ಒಂದು ಗಳಿಗೆ ಹಲ್ಲನ್ನೇ ನೋಡಿದರು. "ಹಲ್ಲು ಚೆನ್ನಾಗಿವೆ" ಎಂದು ಉರ್ದುವಿನಲ್ಲೇ ಗಂಭೀರವಾಗಿ ಒಪ್ಪಿಕೊಂಡು ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ನಾನು ಉತ್ತರ ಹೇಳಿದೆ.

ಆಮೇಲೆ ಅವರು ಕಿಟಕಿಗಳ ಪರದೆ ಎಳೆದು ಕೋಣೆ ಕತ್ತಲು ಮಾಡಿದರು. ತಮ್ಮನ ತಲೆಯ ಹಿಂದೆ ಒಂದು ದೀಪ ಇಟ್ಟರು. ನಡುವೆ ತೂತಿದ್ದ ಒಂದು ದುಂಡು ಕನ್ನಡಿಯನ್ನು ಡಾಕ್ಟರರು ತಮ್ಮದೇ ಕಣ್ಣಿಗೆ ಹಿಡಿದು, ಅದರಿಂದ ಬೆಳಕನ್ನು ತಮ್ಮನ ಕಣ್ಣಿಗೆ ತಿರುಗಿಸಿದರು. ಮುತ್ಯಾನ ಮುಖ ಅರಳಿತು. "ಇವ್ರು ನಮ್ಮವ್ರು" ಎಂದು ನನ್ನ ಕಿವಿಯಲ್ಲಿ ಅಂದ. ಕತ್ತಲು ಮಾಡಿ, ದೀಪ ಹಿಡಿದು, ಕಣ್ಣು ನೋಡುವವರನ್ನು ಅವನು ಇಷ್ಟು ದೂರದ ಊರಿನಲ್ಲಿ ನಿರೀಕ್ಷಿಸಿರಲಿಲ್ಲ. ಆ ಕತ್ತಲಲ್ಲಿ ತಮ್ಮನ ಕಣ್ಣು ಎಂದಿನಂತೆ ಹೊಳೆಯಿತು. ಡಾಕ್ಟರರು ಬಹಳ ಹೊತ್ತು ನೋಡಿದರು. "ತಗೋಬಹುದು" ಅನ್ನಲಿಲ್ಲ, "ಬ್ಯಾಡ" ಅನ್ನಲಿಲ್ಲ. ಪರದೆ ಸರಿಸಿ, ಕೈ ತೊಳೆದು ಬಂದು, ಮುತ್ಯಾನ ಎದುರು ಕೂತು ನಿಧಾನವಾಗಿ ಮಾತಾಡಿದರು.

ಕ್ಯಾನ್ಸರ್ ಎಂಬ ಮಾತು ನಮಗೆ ಆಗ ಗೊತ್ತಿರಲಿಲ್ಲ. ಅವರು ಹೇಳಿದ್ದು ಇಷ್ಟು: ಕಣ್ಣಿನ ಹಿಂಬದಿಯಲ್ಲಿ ಕೆಟ್ಟ ಗಂಟು ಬೆಳೆದಿದೆ. ಹೊಳೆಯುತ್ತಿರುವುದು ಆ ಗಂಟು. ಅದು ಹಾಗೆಯೇ ಹಿಂದಕ್ಕೆ ಹರಿದು ತಲೆಗೆ ಹೋದರೆ ಮಗು ಉಳಿಯುವುದಿಲ್ಲ. ಕಣ್ಣನ್ನೇ ತೆಗೆಯಬೇಕು. ಆಮೇಲೆ ಆ ಜಾಗಕ್ಕೆ ಯಂತ್ರದ ಕಿರಣ ಕೊಡಬೇಕು. ಆಗ ಉಳಿದೀತು.

ಹೊರಗೆ, ಕೋಣೆಗಳ ನಡುವಿನ ಓಣಿಯಲ್ಲಿ, ಅವ್ವ ನೆಲದ ಮೇಲೆ ಕೂತಿದ್ದಳು. ಮುತ್ಯಾ ಗೋಡೆಗೆ ಒರಗಿ ನಿಂತು, ನನ್ನ ಕಡೆ ತಿರುಗಿ, "ಔಷಧ ಹಾಕ್ತಾರಂತ ನಿಮ್ಮವ್ವಗ ಹೇಳು" ಅಂದ.

ಅಷ್ಟು ದಿನ ಇಬ್ಬರ ಮಾತನ್ನೂ ಇದ್ದದ್ದು ಇದ್ದ ಹಾಗೆ ದಾಟಿಸಿದ್ದ ನನ್ನ ಬಾಯಿ ಅಂದು ಏಳಲಿಲ್ಲ. ಅವ್ವ ನನ್ನ ಮುಖ ನೋಡಿದಳು. "ನಿನಗ ಉರ್ದು ಬರ್ತದ. ಅವರು ಅಂದದ್ದು ಹೇಳು" ಅಂದಳು. ನಾನು ಹೇಳಿದೆ. ಕಣ್ಣು, ಗಂಟು, ತಲೆ, ಯಂತ್ರ, ಎಲ್ಲವನ್ನೂ ಡಾಕ್ಟರರು ಹೇಳಿದ ಕ್ರಮದಲ್ಲೇ ಹೇಳಿದೆ.

"ದೇವರು ಕೊಟ್ಟ ಬೆಳಕ ಅದು. ಕತ್ತರಿ ಹಾಕಿ ತಗಿಯಾಕ ನಾ ಹ್ಯಾಂಗ ಹೂಂ ಅನ್ಲಿ?" ಮುತ್ಯಾ ಯಾರಿಗೂ ಅಲ್ಲದಂತೆ ಹೇಳಿದ. "ಊರಿಗೆ ಹೋಗೂಣು ಅಂತ ನಿಮ್ಮವ್ವಗ…"

ಅವ್ವ ಎದ್ದು ನಿಂತಳು. ಸೆರಗು ತಲೆಯ ಮೇಲೆ ಸರಿಯಾಗಿಯೇ ಇತ್ತು, ಮತ್ತೊಮ್ಮೆ ಸರಿಮಾಡಿಕೊಂಡಳು. ನನ್ನನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

"ಮಾವಾರ, ಕಣ್ಣು ತಗೀಲಿ."

ಆ ಓಣಿಯಲ್ಲಿ ಎಷ್ಟೋ ಜನ ಓಡಾಡುತ್ತಿದ್ದರು. ಯಾರಿಗೂ ಅಲ್ಲಿ ಏನಾಯಿತೆಂದು ತಿಳಿದಿರಲಾರದು. ಮದುವೆಯಾಗಿ ಬಂದ ಮೇಲೆ ಅವ್ವ ಮುತ್ಯಾನಿಗೆ ಆಡಿದ ಮೊದಲ ಮಾತು ಅದು.

"ಬೆಳಕು ದೇವರು ಕೊಟ್ಟದ್ದಾದ್ರ ದೇವರಿಗೇ ಮುಟ್ಲಿ. ಕೂಸು ನಂದು. ನನಗ ಕೂಸು ಬೇಕು."

ಮುತ್ಯಾ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ರುಮಾಲಿಲ್ಲದ ಅವನ ತಲೆ ಎಷ್ಟು ಸಣ್ಣದಿದೆ ಎಂದು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಒಳಗೆ ಹೋಗಿ ಹೆಬ್ಬಟ್ಟು ಒತ್ತಿದ.

ನಾವು ಆ ವಾರ್ಡಿನಲ್ಲಿ ಎರಡು ಹಬ್ಬ ಕಳೆದೆವು. ಎತ್ತರದ ಕಿಟಕಿಗಳು, ಸೂರಿನ ಕೆಳಗೆ ಪಾರಿವಾಳಗಳು, ಸುಣ್ಣದ ಗೋಡೆಯ ಮೇಲೆ ದಿನವಿಡೀ ನಿಧಾನವಾಗಿ ಜರುಗುವ ಬಿಸಿಲಿನ ಚೌಕಗಳು. ವಾರ್ಡಿನ ದೊಡ್ಡ ಸಿಸ್ಟರ್ ಬಿಗಿ ಹೆಂಗಸು. ಗಂಟೆ ಹೊಡೆದರೆ ಏಳಬೇಕು, ಮೊಣಕೈವರೆಗೆ ಕೈ ತೊಳೆಯಬೇಕು, ಹಾಸಿಗೆಯ ಮೂಲೆ ಮಡಿಸಬೇಕು, ಮಂಚದ ಮೇಲೆ ಕೂಡಬಾರದು. ಮುತ್ಯಾನ ಕಂಬಳಿಯನ್ನು ಎರಡು ಬೆರಳಲ್ಲಿ ಹಿಡಿದು ವರಾಂಡಕ್ಕೆ ಹಾಕಿದಳು. ಕಂಬಳಿಯ ಹಿಂದೆಯೇ ಮುತ್ಯಾನೂ ಹೋದ. ನನಗೆ ದೀಪದ ಗಾಜು ಒರೆಸುವುದನ್ನು ಕಲಿಸಿದಳು: ಮೊದಲು ಬೂದಿ, ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಒಣ ಬಟ್ಟೆ, ಬೆಳಕಿಗೆ ಹಿಡಿದು ನೋಡಿದರೆ ಗಾಜು ಇಲ್ಲವೆನ್ನಿಸಬೇಕು. ಮಗುವೊಂದು ಬದುಕುತ್ತದೋ ಇಲ್ಲವೋ ತಿಳಿಯದ ಜಾಗದಲ್ಲಿ ಹಾಸಿಗೆಯ ಮೂಲೆ ಹೇಗಿರಬೇಕೆಂಬುದಾದರೂ ಖಚಿತವಾಗಿ ತಿಳಿದಿರುವುದು ನನಗೆ ಹಿಡಿಸಿತು. ಇಂದಿಗೂ ನನ್ನ ಹಾಸಿಗೆಯ ಮೂಲೆಗಳು ಹಾಗೆಯೇ ಇರುತ್ತವೆ.

ಕಣ್ಣು ತೆಗೆದ ದಿನ ತಮ್ಮನನ್ನು ತಳ್ಳುಗಾಡಿಯಲ್ಲಿ ಮಲಗಿಸಿ ತಂದರು. ಬಿಳಿ ಪಟ್ಟಿ ಸುತ್ತಿದ ತಲೆ, ಸಣ್ಣ ಮೂಗು, ಹೊದಿಕೆಯ ಕೆಳಗೆ ಏಳುತ್ತ ಇಳಿಯುತ್ತಿದ್ದ ಎದೆ. ಶಹಾಪುರದ ಗುಡ್ಡವನ್ನೇ ಯಾರೋ ಸಣ್ಣದು ಮಾಡಿ ಗಾಡಿಯ ಮೇಲಿಟ್ಟು ತಂದ ಹಾಗಿತ್ತು. ಅವ್ವ ಅವನ ಪಾದ ಹಿಡಿದು ಕೂತಳು. ಹೊತ್ತು ಇಳಿಯುವಾಗ ಅವನು ಬಾಯಿ ತೆರೆದು ಕೇಳಿದ್ದು, "ಅಂವ ಎದ್ದನಾ?"

"ಇಲ್ಲಪ್ಪ. ನೀ ತಿರುಗಿ ಹೋದ ಮ್ಯಾಲ" ಅಂದಳು ಅವ್ವ.

ಕಿರಣ ಕೊಡುವ ಕೋಣೆಗೆ ದಪ್ಪ ಬಾಗಿಲು. ಒಳಗೆ ಮಗು ಒಂದೇ ಇರಬೇಕು, ಅಲುಗಾಡಬಾರದು. ಮೊದಲ ದಿನ ತಮ್ಮ ಅತ್ತು ಎದ್ದು ಬಾಗಿಲು ಬಡಿದ. ಅಂದು ಆಗಲಿಲ್ಲ. ಮರುದಿನ ಮುತ್ಯಾ ಅವನನ್ನು ತಾನೇ ಒಳಗೆ ಮಲಗಿಸಿ ಬಂದು, ತೆರೆದ ಬಾಗಿಲಲ್ಲಿ ನಿಂತು ಕುರಿ ಮಲಗಿಸುವ ಕೂಗು ಹಾಕಿದ. ಅದು ಮಧ್ಯಾಹ್ನದ ಬಿಸಿಲಿಗೆ ಬೇವಿನ ನೆರಳಲ್ಲಿ ಮಂದೆಯನ್ನು ತಂಗಿಸುವಾಗಿನ ಕೂಗು. ಗಂಟಲಲ್ಲೇ ಉರುಳುವ, ಕೊನೆಗೆ ಉಸಿರಾಗಿ ಕರಗುವ "ಹೋ… ಹೋ… ಹೋರ್". ಅದನ್ನು ಕೇಳಿದರೆ ಕುರಿಗಳು ಇದ್ದಲ್ಲೇ ಮೊಣಕಾಲೂರುತ್ತವೆ. ತಮ್ಮ ಅದನ್ನು ಕೇಳಿಯೇ ಬೆಳೆದವನು. ಕೈಕಾಲು ಸಡಿಲ ಬಿಟ್ಟು ಸುಮ್ಮನಾದ. ಬಾಗಿಲು ಮುಚ್ಚಿತು. ಹೊರಗೆ ಬಂದ ಮೇಲೆ, "ಮುಚ್ಚಿದ ಮ್ಯಾಲೂ ಕೇಳಸ್ತಿತ್ತು. ಬೇವಿನ ಗಿಡಾನೂ ಇತ್ತು" ಅಂದ. ಮುತ್ಯಾ ಪ್ರತಿ ಸಲವೂ ಬಂದು ಕೂಗು ಹಾಕಿದ. ದೊಡ್ಡ ಸಿಸ್ಟರ್ ಕೂಡ ಅದಕ್ಕೆ ಏನೂ ಅನ್ನಲಿಲ್ಲ.

ಹೊರಡುವ ದಿನ ಡಾಕ್ಟರರು ಹೇಳಿದರು: ಗಂಟು ಇನ್ನೊಂದು ಕಣ್ಣಿಗೂ ಬರಬಹುದು. ಬರದೇ ಇರಬಹುದು. ಇನ್ನು ಕೆಲವು ವರ್ಷ ಆ ಕಣ್ಣನ್ನು ಕಾಯಬೇಕು. ವರ್ಷಕ್ಕೊಮ್ಮೆ ಇಲ್ಲಿಗೆ ತರಬೇಕು. ನಡುವೆ ಎಂದಾದರೂ ಆ ಕಣ್ಣಿನಲ್ಲಿ ಹೊಳಪು ಕಂಡರೆ ಮರುದಿನವೇ ರೈಲು ಹತ್ತಬೇಕು.

ಹೀಗೆ ನಮ್ಮ ಮನೆಯಲ್ಲಿ ಸಂಜೆಯ ಅರ್ಥವೇ ತಿರುವುಮುರುವಾಯಿತು. ದೀಪ ಹಚ್ಚುವ ಹೊತ್ತಿಗೆ ಮುತ್ಯಾ ಪಡಸಾಲೆಯಲ್ಲಿ ಕೂತು ತಮ್ಮನನ್ನು ಎದುರು ನಿಲ್ಲಿಸಿಕೊಳ್ಳುತ್ತಿದ್ದ. ಇಬ್ಬರ ತಲೆಯ ಮೇಲೂ ಕಂಬಳಿ. ಅಂಚಿನಲ್ಲಿ ಕಂದೀಲು. ಹಟ್ಟಿಯಿಂದ ಬಂದ ಅಪ್ಪ ಕಾಲು ತೊಳೆಯದೆ ನಿಂತಿರುತ್ತಿದ್ದ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ಕಂಬಳಿಯೊಳಗಿಂದ ಮುತ್ಯಾನ ದನಿ ಬರುತ್ತಿತ್ತು: "ಕತ್ತಲದ."

ಅಪ್ಪ ಕಾಲು ತೊಳೆಯಲು ಹೋಗುತ್ತಿದ್ದ. ಅವ್ವ ತಮ್ಮನನ್ನು ಒಲೆಯ ಮುಂದೆ ಕೂಡಿಸಿ, ಮುಖ ತೊಳೆದು, ರೊಟ್ಟಿ ಕೊಡುತ್ತಿದ್ದಳು. ಅಲ್ಲಿಗೆ ಆ ದಿನ ಮುಗಿದ ಹಾಗೆ.

ಹಗಲಿನಲ್ಲಿ ಅವನನ್ನು ನಡೆಸುವ ಕೆಲಸ ನನ್ನದು. ಒಕ್ಕಣ್ಣಿನ ಕುರಿ ಕಾಣುವ ಕಡೆಗೇ ಎಳೆಯುತ್ತ ಹೋಗಿ ಮಂದೆಯಿಂದ ತಪ್ಪುತ್ತದೆ. ಅದಕ್ಕೆ ಕುರುಬರು ಅದರ ಕುರುಡು ಮಗ್ಗುಲಿಗೆ ಒಂದು ಸಮಾಧಾನದ ಕುರಿಯನ್ನು ಜೋಡಿ ಮಾಡುತ್ತಾರೆ. ಮೈಗೆ ಮೈ ತಾಗುತ್ತಿದ್ದರೆ ಅದು ದಾರಿ ಬಿಡುವುದಿಲ್ಲ. "ನೀ ಅವನ ಎಡಕ್ಕ ನಡಿ. ಕೈ ಹಿಡೀಬ್ಯಾಡ, ತೋಳು ತಾಗ್ತಿರಲಿ ಸಾಕು" ಎಂದು ಮುತ್ಯಾ ಹೇಳಿಕೊಟ್ಟ. ಶಾಲೆಗೆ, ಬಾವಿಗೆ, ಶಹಾಪುರದ ಪೇಟೆಗೆ ನಾವು ಹಾಗೇ ನಡೆದೆವು. ಅವನಿಗೆ ಗಾಜಿನ ಕಣ್ಣು ಬಂದ ಮೇಲೂ ಹಾಗೇ ನಡೆದೆವು.

ಕಂದೀಲಿನ ಗಾಜು ಒರೆಸುವುದೂ ನನ್ನ ಪಾಲಿನ ಕೆಲಸ. ಬೂದಿ, ಒದ್ದೆ ಬಟ್ಟೆ, ಒಣ ಬಟ್ಟೆ. ದಿನ ತಪ್ಪಿಸಲಿಲ್ಲ. ಆದರೂ ಬರಬರುತ್ತ ಮುತ್ಯಾ ಗೊಣಗತೊಡಗಿದ. "ಏನ್ ಒರಸ್ತೀಯವ್ವ, ಗಾಜೆಲ್ಲ ಮಬ್ಬದ."

"ಮಬ್ಬಿಲ್ಲ ಮುತ್ಯಾ, ನೋಡು."

"ನೋಡೇ ಹೇಳಾಕತ್ತೀನಿ. ನಿಮ್ಮ ದವಾಖಾನಿ ಸಿಸ್ಟರ್ ಬಾಯಿ ಇದನ್ನ ಕಲಿಸ್ಯಾಳೇನು?"

ಅವನು ಬೇರೆ ಏನಂದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಮತ್ತೆ ಬೂದಿಯಿಂದ ಶುರುಮಾಡುತ್ತಿದ್ದೆ.

ವರ್ಷಕ್ಕೊಮ್ಮೆ ಹೈದರಾಬಾದಿಗೆ ಹೋಗಿ ಬಂದೆವು. ಹೋಗುವಾಗ ಮಲಗಿದ ಗುಡ್ಡ, ಬರುವಾಗಲೂ ಮಲಗಿದ ಗುಡ್ಡ. "ಇನ್ನೂ ಎದ್ದಿಲ್ಲ" ಎಂದು ತಮ್ಮ ಪ್ರತಿ ಸಲ ಬೇಸರಪಡುತ್ತಿದ್ದ. "ನೀ ನೋಡಾಗ ಮಲಗ್ತಾನ, ಮಳ್ಳ ಇದ್ದಾನ" ಎನ್ನುತ್ತಿದ್ದ ಮುತ್ಯಾ. ಇನ್ನೊಂದು ಸಲ ಹೋಗಿ ಬಂದರೆ ಸಾಕು ಎಂದು ಡಾಕ್ಟರರು ಹೇಳಿದ ವರ್ಷ ನಮ್ಮ ಸೀಮೆ ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು.

ಅದೇ ವರ್ಷ ಒಂದು ಸಂಜೆ ಮುತ್ಯಾ ಕಂಬಳಿ ಎಳೆದು ನೋಡಿ "ಕತ್ತಲದ" ಅಂದ. ಅಪ್ಪ ಕಾಲು ತೊಳೆಯಲು ಹೋದ. ತಮ್ಮ ಮಾತ್ರ ಕಂಬಳಿಯಿಂದ ಹೊರಗೆ ಬರಲಿಲ್ಲ.

"ಈಗ ನಾ ವ್ಯಾಪಾರಿ. ನೀ ಕುರಿ."

"ಆಯ್ತಪ್ಪ, ನೋಡು. ಚಲೋ ಕುರಿ ಅದ, ಬಿಡಬ್ಯಾಡ."

ಒಳಗೆ ಗುದ್ದಾಟದ ಸದ್ದು. "ಹಲ್ಲಿಲ್ಲ! ಮುದಿ ಕುರಿ!"

"ಹಲ್ಲಿಲ್ಲದಿದ್ರ ಏನಾತು, ಉಣ್ಣೆ ನೋಡು."

"ಸುಮ್ಮನಿರು, ಕುರಿ ಮಾತಾಡಂಗಿಲ್ಲ. ಕಣ್ಣು ತಗಿ."

ಆಮೇಲೆ ಕಂಬಳಿ ನಿಧಾನವಾಗಿ ಕೆಳಗೆ ಜಾರಿತು. ತಮ್ಮ ಕಂದೀಲು ಹಿಡಿದು ನಿಂತಿದ್ದ.

"ಮುತ್ಯಾ, ನಿನ್ನ ಕಣ್ಣಾಗ ಬೆಳ್ಳಗದ."

ಅಪ್ಪ ಅರ್ಧ ತೊಳೆದ ಕಾಲಲ್ಲೇ ಒಳಗೆ ಬಂದ.

"ಎರಡೂ ಕಣ್ಣಾಗ ಅದ. ನಾಳೆನs ರೈಲಿಗೆ ಹೋಗಬೇಕು. ಅಕ್ಕಾ, ಗಂಟು ಕಟ್ಟು" ಎಂದು ಅವನು ಜೋರಾಗಿ ಅಳತೊಡಗಿದ.

ನಾನು ಕಂದೀಲು ತೆಗೆದುಕೊಂಡು ನೋಡಿದೆ. ಮುತ್ಯಾನ ಎರಡೂ ಪಾಪೆಗಳಲ್ಲಿ ಹಾಲಿನ ಕೆನೆಯಂಥ ಪೊರೆ. ವಯಸ್ಸಾದವರಿಗೆ ಬರುವ ಪೊರೆ ಅದು, ಅದರಿಂದ ಜೀವಕ್ಕೆ ಏನೂ ಇಲ್ಲ, ಅದು ನನಗೆ ಗೊತ್ತಿತ್ತು. ಆದರೆ ಕೈಯಲ್ಲಿದ್ದ ಗಾಜು ಇಲ್ಲವೇನೋ ಎನ್ನುವಷ್ಟು ಶುಭ್ರವಾಗಿತ್ತು. ಮಬ್ಬು ಎಲ್ಲಿದೆಯೆಂದು ಆಗ ತಿಳಿಯಿತು. ನಾನು ಮುತ್ಯಾನ ಮುಖದ ಮುಂದೆ ಎರಡು ಬೆರಳು ಹಿಡಿದೆ. ಅವನು ನನ್ನ ಬೆರಳನ್ನು ಬಿಟ್ಟು ದೀಪದ ಕಡೆಗೇ ನೋಡುತ್ತಿದ್ದ.

"ಎಂದಿನಿಂದ ಹಿಂಗ?" ಅಪ್ಪ ಕೇಳಿದ.

"ಗೊತ್ತಿಲ್ಲ. ಗಾಜು ಮಬ್ಬದ ಅಂತ ತಿಳದಿದ್ದೆ." ಮುತ್ಯಾನ ಕೈ ಕಂಬಳಿಯ ಅಂಚನ್ನು ಹುಡುಕಿತು. "ಹೊಳಪಿದ್ರ ನನಗ ಕಾಣ್ತಿತ್ತೋ ಇಲ್ಲೋ… ನಾ ಕತ್ತಲದ ಅಂದದ್ದು ಯಾರ ಕಣ್ಣಿನ ಕತ್ತಲ? ಅಯ್ಯೋ ಯಪ್ಪಾ, ಒಮ್ಮಿ ಬೆಳಕ ನೋಡಿ ಮೋಸ ಹೋದೆ, ಈಗ…" ಎಷ್ಟೋ ಸಂಜೆಗಳ "ಕತ್ತಲದ" ಎಂಬ ಮಾತು ಒಂದೊಂದೇ ನಮ್ಮ ಕಾಲ ಕೆಳಗಿಂದ ಸರಿದುಹೋಗುತ್ತಿತ್ತು.

ಅವ್ವ ಅಡಿಗೆಮನೆಯ ಬಾಗಿಲಿನಿಂದ ಪಡಸಾಲೆಗೆ ಬಂದಳು. ನನ್ನ ಕಡೆ ನೋಡಲಿಲ್ಲ.

"ಮಾವಾರ, ನಾ ನೋಡೀನ್ರಿ."

ಮುತ್ಯಾ ದನಿ ಬಂದ ಕಡೆ ತಿರುಗಿದ.

"ದಿನಾ ನೋಡೀನಿ. ನೀವು ನೋಡಿದ ಮ್ಯಾಲ ಒಲಿ ಮುಂದ ಕೂಡಿಸಿ ಮುಖ ತೊಳೀತಿದ್ದೆನಲ್ರಿ, ಆವಾಗ. ಒಲಿ ಬೆಳಕಿಗೆ ಕಣ್ಣು ಹಿಡದು ನೋಡ್ತಿದ್ದೆ. ದವಾಖಾನಿಯಿಂದ ಬಂದ ದಿನದಿಂದ ಒಂದ ದಿನಾನೂ ಬಿಟ್ಟಿಲ್ಲ. ಹುಡುಗನ ಕಣ್ಣು ಕತ್ತಲs ಅದ."

ಕಂದೀಲಿನ ಮೇಲೆ ಅವಳಿಗೆ ಒಮ್ಮೆ ಹೋದ ನಂಬಿಕೆ ಮತ್ತೆ ಬಂದಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಮುತ್ಯಾನ ಕೈಯಿಂದ ಕಂದೀಲು ಕಸಿದುಕೊಳ್ಳಲೂ ಇಲ್ಲ. ಪಡಸಾಲೆಯಲ್ಲಿ ಅವನು ನೋಡಲಿ ಎಂದು ಬಿಟ್ಟು, ಒಲೆಯ ಮುಂದೆ ತಾನು ನೋಡುತ್ತಿದ್ದಳು. ನಾವೆಲ್ಲ ಅವಳು ಬರೀ ಮುಖ ತೊಳೆಯುತ್ತಾಳೆಂದುಕೊಂಡಿದ್ದೆವು.

ಆ ಕೊನೆಯ ಸಲದ ರೈಲಿನಲ್ಲಿ ತಮ್ಮ ಮುತ್ಯಾನ ಮಗ್ಗುಲಿಗೆ ತೋಳು ತಾಗಿಸಿ ಕೂತ. ನಾನು ತಮ್ಮನ ಎಡಕ್ಕೆ ಕೂತೆ. ದವಾಖಾನೆಯ ಗುಮಾಸ್ತ ಯಾವ ರಾಜ್ಯದವರೆಂದು ಕೇಳಿದ.

"ನಾವು ಇದ್ದಲ್ಲೇ ಇದ್ದೀವ್ರಿ. ರಾಜ್ಯನs ಎದ್ದು ಹೋಗ್ಯದ" ಅಂದ ಮುತ್ಯಾ. ಗುಮಾಸ್ತ ನಕ್ಕು ಒಳಗೆ ಬಿಟ್ಟ.

ಅದೇ ಡಾಕ್ಟರರು, ಅದೇ ಕತ್ತಲೆ ಕೋಣೆ, ಅದೇ ತೂತಿನ ಕನ್ನಡಿ. ಬಹಳ ಹೊತ್ತು ನೋಡಿದರು. ಪರದೆ ಸರಿಸಿ, "ಹುಡುಗ ಇನ್ನು ಬರುವುದು ಬೇಡ" ಅಂದರು. ಅವ್ವ ನನ್ನನ್ನು ನೋಡಿದಳು. ನಾನು ಕನ್ನಡದಲ್ಲಿ ಹೇಳಿದೆ. ಮತ್ತೊಮ್ಮೆ ಹೇಳು ಅಂದಳು. ಮತ್ತೊಮ್ಮೆ ಹೇಳಿದೆ. ಆಮೇಲೆ ಡಾಕ್ಟರರು ಮುತ್ಯಾನ ಗದ್ದ ಎತ್ತಿ, ದೀಪ ತಿರುಗಿಸಿ, "ಈ ಹಿರಿಯರನ್ನು ಬಿಟ್ಟು ಹೋಗಿ" ಅಂದರು.

ಪೊರೆ ತೆಗೆದ ಮೇಲೆ ಮುತ್ಯಾ ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟುಕೊಂಡು ಅಲುಗಾಡದೆ ಮಲಗಬೇಕಾಗಿತ್ತು. ಜೀವನವಿಡೀ ನಡೆದ ಮನುಷ್ಯನಿಗೆ ಅದು ಆಗಲಿಲ್ಲ. ಮಗ್ಗುಲಾಗಲು ಹೋದ, ಬೈಸಿಕೊಂಡ. ಆಗ ತಮ್ಮ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತು, ತನ್ನ ತೆಳು ಗಂಟಲಲ್ಲಿ ಶುರುಮಾಡಿದ: ಹೋ… ಹೋ… ಹೋರ್. ಪಟ್ಟಿ ಕಟ್ಟಿದ ಮುತ್ಯಾನ ಮುಖದಲ್ಲಿ ನಗು ಹರಡಿತು, ಕೈಕಾಲು ಸಡಿಲವಾದವು. ಗೋಡೆಯ ಮೇಲೆ ಬಿಸಿಲಿನ ಚೌಕ ಒಂದು ಅಂಗುಲ ಜರುಗಿತು. ಆ ಮಧ್ಯಾಹ್ನ ಇಡೀ ವಾರ್ಡು ಬೇವಿನ ನೆರಳಲ್ಲಿ ಮಲಗಿತ್ತೆಂದೇ ನನ್ನ ನೆನಪು.

ಊರಿಗೆ ಬಂದಾಗ ಮುತ್ಯಾನಿಗೆ ದಪ್ಪ ಗಾಜಿನ ಕನ್ನಡಕ ಬಂದಿತ್ತು. ಸಂಜೆ ನಾನು ಕಂದೀಲು ಒರೆಸಿ ಕೊಟ್ಟೆ. ಅವನು ಗಾಜನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನ ತಲೆಯ ಮೇಲೆ ಕೈ ಇಟ್ಟ. ಎಲ್ಲರೂ ಹಟ್ಟಿಯ ಬೇಲಿಯ ಹತ್ತಿರ ಬಂದೆವು. ಮುತ್ಯಾ ತಮ್ಮನನ್ನು ಕರೆದು ಕಂಬಳಿ ಎಳೆದುಕೊಂಡ. ಡಾಕ್ಟರರು ಬೇಡವೆಂದಿದ್ದರೂ ಯಾರೂ ತಡೆಯಲಿಲ್ಲ. ಅಪ್ಪ ಕಾಲು ತೊಳೆಯದೆ ನಿಂತ.

ಹೊರಗೆ ಬಂದ ಮುತ್ಯಾ ನನ್ನ ಕಡೆ ತಿರುಗಲಿಲ್ಲ. ಅವ್ವನ ಕಡೆ ತಿರುಗಿದ.

"ಏನವ್ವ," ಅಂದ, "ನೀ ನೋಡಿದ್ದು ಖರೇ ಅದ. ಕತ್ತಲದ."

ಅವ್ವ ಸೆರಗು ಸರಿಮಾಡಿಕೊಂಡಳು. "ಹೌದ್ರಿ ಮಾವಾರ" ಅಂದಳು.

ಇಬ್ಬರ ನಡುವೆ ನಿಂತಿದ್ದ ನಾನು ಕಂದೀಲು ತೆಗೆದುಕೊಂಡು ಪಕ್ಕಕ್ಕೆ ಸರಿದೆ. ಬೇಲಿಯಾಚೆ ಕುರಿಗಳು ಇತ್ತ ತಿರುಗಿದ್ದವು, ಹಸಿರು ಹಳದಿ ದೀಪಗಳು ನೆಲದ ಮೇಲೆ ತೇಲುತ್ತಿದ್ದವು. ನಾನು ಬತ್ತಿ ಇಳಿಸಿದೆ. ಅವು ಒಂದೊಂದಾಗಿ ಆರಿದವು.